ಬನ್ನಿ, ಆದರೆ ಮೊದಲ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ದುಡಿದಿದ್ದೀರಿ. ಈಗ ಕೆಲಸ ಮನೆಯಿಂದಲೇ ನಡೆಯುತ್ತದೆ. ಎರಡನೆಯ ತರಗತಿಯ ಮಗಳಿದ್ದಾಳೆ, ಮಧುಮೇಹವಿರುವ ತಾಯಿ ಜೊತೆಗಿದ್ದಾರೆ. ಡಿಸೆಂಬರಿನಲ್ಲಿ ನಾಲ್ಕು ದಿನ ಬಂದು ಹೋದ ಮೇಲೆ ಉತ್ತರ ಕನ್ನಡ ಜಿಲ್ಲೆಯ ಕಾರವಾರ ಅಥವಾ ಶಿರಸಿಯಲ್ಲಿ ನೆಲೆಸುವ ಮನಸ್ಸಾಗಿದೆ, ಈಗಲೇ ಜಾಗ ಕೊಳ್ಳಲೇ ಎಂದು ಕೇಳಿದ್ದೀರಿ. ಬನ್ನಿ, ಖಂಡಿತ ಬನ್ನಿ. ಜಾಗ ಮಾತ್ರ ಈಗಲೇ ಕೊಳ್ಳಬೇಡಿ. ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿದ್ದು ನೋಡಿ.

ನಾನು ದಾವಣಗೆರೆ ಕಡೆಯವನು. 2019ರಲ್ಲಿ ಬೆಂಗಳೂರು ಬಿಟ್ಟು ಹೆಂಡತಿ, ಮಗ ಮತ್ತು ಅಪ್ಪನೊಂದಿಗೆ ಕಾರವಾರಕ್ಕೆ ಬಂದೆ. ನಾನೂ ಊರು ನೋಡಿ ಹೋದದ್ದು ಡಿಸೆಂಬರಿನಲ್ಲಿಯೇ. ಕೋಡಿಬಾಗದಲ್ಲಿ ಸಂಜೆ ನಿಂತರೆ ಕಾಳಿ ನದಿ ಕಡಲು ಸೇರುವುದು ಕಾಣುತ್ತದೆ, ಆಚೆ ಸದಾಶಿವಗಡದ ಗುಡ್ಡ, ಬೆನ್ನಿಗೆ ಸಹ್ಯಾದ್ರಿ. 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ಯುವಕ ರವೀಂದ್ರನಾಥ ಟ್ಯಾಗೋರರು ಈ ಊರಿಗೆ ಮನಸೋತು ಇಲ್ಲಿಯೇ ಒಂದು ನಾಟಕ ಬರೆದರು. ಇಂದಿಗೂ ಕಡಲತೀರಕ್ಕೆ ಅವರದೇ ಹೆಸರು. ಆ ಚೆಲುವು ಸುಳ್ಳಲ್ಲ. ಆದರೆ ಅದು ವರ್ಷದ ಅರ್ಧ ಭಾಗದ ಸತ್ಯ.

ಉಳಿದರ್ಧ ಜೂನ್ ಮೊದಲ ವಾರದಲ್ಲಿ ಆರಂಭವಾಗುತ್ತದೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಉಪ್ಪುಗಾಳಿಗೆ ಕಿಟಕಿಯ ಸರಳಿನಿಂದ ಹಿಡಿದು ಗ್ಯಾಸ್ ಒಲೆಯವರೆಗೆ ತುಕ್ಕು. ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಬರುವುದು ಮರುದಿನವೇ. ನಿಮ್ಮ ಅನ್ನ ಇಂಟರ್ನೆಟ್ಟಿನ ಮೇಲೆ ನಿಂತಿರುವುದರಿಂದ ಬೇರೆ ಬೇರೆ ಕಂಪನಿಗಳ ಎರಡು ಸಂಪರ್ಕ ಮತ್ತು ಒಳ್ಳೆಯ ಇನ್ವರ್ಟರ್ ಇಲ್ಲದೆ ಬರಲೇಬೇಡಿ. ಮೀನು ತಿನ್ನುವವರಾದರೆ ಇನ್ನೊಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಒಣಮೀನು, ಹೊಳೆಯ ಮೀನುಗಳೇ ಗತಿ. ಮೊದಲ ವರ್ಷದ ಜುಲೈಯಲ್ಲಿ ಎರಡು ವಾರ ಬಿಸಿಲನ್ನೇ ಕಾಣದೆ ನನ್ನ ಹೆಂಡತಿ ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ಅತ್ತುಬಿಟ್ಟಳು. ಈಗ ಅದೇ ಹೆಂಡತಿ ಮೇ ಕೊನೆಯಾದರೆ ಪಡುವಣದ ಮೋಡ ಕಾಯುತ್ತಾಳೆ. ನಿಮ್ಮ ಮನೆಯವರಿಗೆ ಯಾವುದು ಒಗ್ಗೀತು ಎಂಬುದನ್ನು ನಾನು ಹೇಳಲಾರೆ, ಒಂದು ಮಳೆಗಾಲ ಹೇಳುತ್ತದೆ.

ಮಳೆಯ ಜೊತೆಗೆ ರಸ್ತೆಯ ಮಾತೂ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಿತು. ಚಹದ ಅಂಗಡಿಯಲ್ಲಿದ್ದವರು, ಲಾರಿ ನಿಲ್ಲಿಸಿದ್ದವರು ಗಂಗಾವಳಿ ನದಿಯ ಪಾಲಾದರು. ನದಿಯಲ್ಲಿ ಮುಳುಗಿದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳ ಮೇಲಾಯಿತು. ಅದಾಗಿ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ, ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಆ ಎರಡೂ ದಾರಿಗಳಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೆಂಬ ಲೆಕ್ಕವಿಲ್ಲ. ಘಟ್ಟದ ರಸ್ತೆಗಳೂ ಹಾಗೆಯೇ, ಆಷಾಢದಲ್ಲಿ ಯಾವ ದಿನ ಮುಚ್ಚುತ್ತವೆಂದು ಹೇಳಲು ಬರುವುದಿಲ್ಲ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಮನೆ ಆರಿಸುವಾಗ ಅದರ ಹಿಂದೆ ಗುಡ್ಡ ಕಡಿದಿದ್ದಾರೆಯೇ ಎಂದು ನೋಡಿ ಎಂಬುದಕ್ಕಾಗಿ ಬರೆಯುತ್ತಿದ್ದೇನೆ.

ಈಗ ಮುಖ್ಯ ವಿಷಯ. ನಿಮ್ಮ ತಾಯಿ. ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಪ್ಪನ ಮಾತು ತೊದಲಿತು, ಎಡಗೈ ಬಿದ್ದುಹೋಯಿತು. ಆಂಬುಲೆನ್ಸ್ ಬರುವ ಮೊದಲೇ ಪಕ್ಕದ ಮನೆಯ ಮೀನುಗಾರರು ತಮ್ಮ ವ್ಯಾನಿನ ಬುಟ್ಟಿಗಳನ್ನು ಇಳಿಸಿ, ಕಂಬಳಿ ಹಾಸಿ, ಅಪ್ಪನನ್ನು ಮಲಗಿಸಿಕೊಂಡು ಹೊರಟರು. ಇಲ್ಲಿಯ ವೈದ್ಯರು ಕೈಲಾದುದನ್ನು ಬೇಗ ಮಾಡಿ, ಮುಂದಿನ ಚಿಕಿತ್ಸೆಗೆ ಗೋವಾಕ್ಕೆ ಒಯ್ಯಿರಿ ಎಂದರು. ಆ ದಾರಿಯ ಒಂದೊಂದು ತಿರುವೂ ನನಗೆ ಇವತ್ತಿಗೂ ನೆನಪಿದೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ ನಿಜ. ಆದರೆ ಮಿದುಳು, ಹೃದಯದಂಥ ದೊಡ್ಡ ತೊಂದರೆಗೆ ಈ ಜಿಲ್ಲೆಯವರು ಇಂದಿಗೂ ಗೋವಾ, ಹುಬ್ಬಳ್ಳಿ, ಮಣಿಪಾಲದ ಕಡೆಗೆ ಓಡುತ್ತಾರೆ. ಕಾರವಾರದಿಂದ ಮಡಗಾಂವ್ ಸುಮಾರು 70 ಕಿಲೋಮೀಟರ್, ಹುಬ್ಬಳ್ಳಿ 160ಕ್ಕೂ ಹೆಚ್ಚು. ಶಿರಸಿಯಿಂದ ಹುಬ್ಬಳ್ಳಿ ನೂರರಷ್ಟು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿಯ ಜನ ವರ್ಷಗಳಿಂದ ಬೀದಿಗಿಳಿದು ಕೇಳುತ್ತಿದ್ದಾರೆ. ಎಲ್ಲಿ ಮನೆ ಮಾಡಿದರೂ ತಾಯಿಯವರ ವೈದ್ಯರು ಯಾರು, ರಾತ್ರಿ ಎಲ್ಲಿಗೆ, ಯಾರ ಗಾಡಿಯಲ್ಲಿ ಹೋಗುವುದು ಎಂಬುದನ್ನು ಸಾಮಾನು ಇಳಿಸಿದ ವಾರದಲ್ಲಿಯೇ ಗೊತ್ತುಮಾಡಿಕೊಳ್ಳಿ.

ಇನ್ನು ಜಾಗ. ರಾಜ್ಯದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು, ಹಾಗಾಗಿ ದಲ್ಲಾಳಿಗಳು ಹೆಚ್ಚಿದ್ದಾರೆ. ಆದರೆ ಈ ಜಿಲ್ಲೆಯ ಶೇಕಡಾ 80ರಷ್ಟು ನೆಲ ಅರಣ್ಯ. ತಲೆಮಾರುಗಳಿಂದ ಮನೆ ಕಟ್ಟಿಕೊಂಡಿರುವ ಎಷ್ಟೋ ಕುಟುಂಬಗಳ ಜಾಗ ದಾಖಲೆಯಲ್ಲಿ ಅರಣ್ಯ ಅತಿಕ್ರಮಣ. ಅವರ ಬದುಕಿನ ಹೋರಾಟ ಬೇರೆ, ಅಂಥ ಜಾಗವನ್ನು ನೀವು ಹಣ ಕೊಟ್ಟು ಪಡೆಯುವುದು ಬೇರೆ. ಶಿರಸಿ ಕಡೆ ತೋಟದೊಂದಿಗೆ ತೋರಿಸುವ ‘ಬೆಟ್ಟ’ವೂ ನಿಮ್ಮದಾಗುವುದಿಲ್ಲ. ಅಡಕೆ ತೋಟಕ್ಕೆ ಸೊಪ್ಪು ತರುವ ಹಕ್ಕಿಗಾಗಿ ಬಿಟ್ಟುಕೊಟ್ಟ ಸರ್ಕಾರಿ ನೆಲ ಅದು, ಅಲ್ಲಿ ಮನೆ ಕಟ್ಟುವಂತಿಲ್ಲ. ಕಡಲಂಚಿನಲ್ಲಾದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಪಹಣಿಯಲ್ಲಿ ಇತರರ ಹಕ್ಕು, ಸಾಲಗಳನ್ನು ಬರೆದಿರುವ 11ನೆಯ ಕಾಲಂ ಓದದೆ ಮುಂಗಡ ಕೊಡಬೇಡಿ.

ಕಾರವಾರವೋ ಶಿರಸಿಯೋ? ಶಿರಸಿ ಘಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿದೆ. ಸೆಕೆ ಕಡಿಮೆ. ಅಡಕೆ, ಕಾಳುಮೆಣಸಿನ ವಹಿವಾಟಿನ ಊರು, ಯಕ್ಷಗಾನಕ್ಕೆ ಬರವಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಊರೇ ಗದ್ದುಗೆಯ ಸುತ್ತ ಸೇರುತ್ತದೆ. ಬಯಲುಸೀಮೆಯ ಕನ್ನಡದವರಿಗೆ ಶಿರಸಿ ಬೇಗ ಹೊಂದುತ್ತದೆಂದು ನನ್ನ ಅನಿಸಿಕೆ. ಆದರೆ ಅಲ್ಲಿಗೆ ರೈಲಿಲ್ಲ. ಬೇಸಿಗೆಯಲ್ಲಿ ಸಿದ್ದಾಪುರದ ಕಾಡಿನ ಕಡೆ ಮಂಗನ ಕಾಯಿಲೆಯ ಆತಂಕವಿರುತ್ತದೆ, ಅದನ್ನು ಹರಡುವ ಉಣ್ಣೆ ಹುಳದ ಬಗ್ಗೆ ಎಚ್ಚರ ಬೇಕು. ಕಾರವಾರಕ್ಕೆ ಪಂಚಗಂಗಾ ರೈಲಿದೆ. ಬೆಂಗಳೂರಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ತಿಂಗಳಿಗೊಮ್ಮೆ ಕಚೇರಿಗೆ ಹೋಗಬೇಕಾದವರಿಗೆ ಇದು ಸಣ್ಣ ಅನುಕೂಲವಲ್ಲ. ಇಲ್ಲಿ ಮನೆಮಾತು ಹೆಚ್ಚಾಗಿ ಕೊಂಕಣಿ. ನನ್ನ ಮಗ ಆರು ತಿಂಗಳಲ್ಲಿ ಕಲಿತ, ನಾನು ಇನ್ನೂ ಕಲಿಯುತ್ತಿದ್ದೇನೆ.

ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ದಾವಣಗೆರೆಗೆ ಹಿಂದಿರುಗೋಣವೇ ಎಂದು ಕೇಳಿದೆ. ಬೆಳಿಗ್ಗೆ ಅವರು ಗೇಟಿನ ಬಳಿ ಕಾಣದಿದ್ದರೆ ಒಳಗೆ ಬಂದು ವಿಚಾರಿಸುವವರು ನಾಲ್ಕು ಮನೆಯವರಿದ್ದಾರೆ, ಅವರನ್ನು ಬಿಟ್ಟು ಎಲ್ಲಿಗೆ ಹೋಗುವುದು ಎಂದರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಂಟು ವರ್ಷ ಇದ್ದರೂ ಎದುರು ಮನೆಯವರ ಹೆಸರು ನಮಗೆ ಗೊತ್ತಿರಲಿಲ್ಲ.

ಜೂನ್ ಕೊನೆಗೆ, ಮಳೆ ಬಲವಾಗಿ ಹಿಡಿದ ಮೇಲೆ ಬನ್ನಿ. ತಾಯಿಯನ್ನೂ ಕರೆತನ್ನಿ. ಬಾಡಿಗೆ ಮನೆ ನೋಡುವಾಗ ಗೋಡೆಯ ಬುಡದಲ್ಲಿ ತೇವ ಏರಿದೆಯೇ ಎಂದು ಕೈಯಿಟ್ಟು ನೋಡಿ. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, ಅರ್ಧ ಗಂಟೆ ಕುಳಿತು ಮಾತನಾಡಿ. ಹೊರಡುವಾಗ ಅವರ ಮೊಬೈಲ್ ಸಂಖ್ಯೆ ಬರೆದುಕೊಳ್ಳಿ.