ಎರಡನೇ ಪಂಕ್ತೀಲಿ ಕೂತೋರಿಗೂ ಹೋಳಿಗೆ ಬಡಿಸ್ತಾರೆ

ಈ ಸಲ ಬಂದ ಪತ್ರಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಿಂದ ಒಬ್ಬ ತಾಯಿ ಬರೆದಿದ್ದನ್ನ ಎತ್ಕೊಂಡಿದೀನಿ. ಮಗಳು ಎರಡು ವರ್ಷ ಮನೆ ಹತ್ರದ ಡಿ ಆಂಜಾ ಕಾಲೇಜಲ್ಲಿ ಓದಿ, ಈಗ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ನೇರ ಮೂರನೇ ವರ್ಷಕ್ಕೆ ಸೇರ್ತಿದಾಳಂತೆ, ಹೋದ ತಕ್ಷಣ ಸೊರಾರಿಟಿ (ಅಮೆರಿಕದ ಕಾಲೇಜುಗಳಲ್ಲಿರೋ ಹುಡುಗೀರ ಸಂಘ) ಸೇರ್ತೀನಿ ಅಂತ ಹಟ ಹಿಡಿದಿದಾಳಂತೆ. 'ಹದಿನೆಂಟರ ಹುಡುಗೀರ ಸಾಲಲ್ಲಿ ಇಪ್ಪತ್ತು ದಾಟಿದವಳು ಹೋಗಿ ನಿಲ್ಲೋದು ಚೆಂದವಾ? ಇರೋದೇ ಎರಡು ವರ್ಷ, ಅದಕ್ಕೆ ಅಷ್ಟು ದುಡ್ಡು ಯಾಕೆ? ನೀವಾದ್ರೂ ಬುದ್ಧಿ ಹೇಳಿ' ಅಂತ ಕೇಳಿದಾರೆ. ಹೇಳ್ತೀನಿ ತಾಯಿ, ಆದ್ರೆ ಮಗಳಿಗಲ್ಲ.

ದುಡ್ಡಿನ ವಿಷಯ ನೀವು ಹೇಳಿದ್ದು ಸರಿ, ಒಪ್ಕೋತೀನಿ. ಡ್ಯೂಸ್ ಅಂತ ಸದಸ್ಯತ್ವದ ಚಂದಾ ಕಟ್ಟಬೇಕು, ಸೇರುವಾಗಿನ ಇನಿಷಿಯೇಶನ್ ಫೀಸ್ ಬೇರೆ, ಕೆಲವು ಕಡೆ ಚಾಪ್ಟರ್ (ಆ ಕ್ಯಾಂಪಸ್ಸಿನ ಶಾಖೆ) ಮನೇಲೇ ಉಳೀಬೇಕು ಅನ್ನೋ ಕಂಡೀಶನ್, ಅಷ್ಟರಲ್ಲಿ ಮಗಳು ಯಾವುದೋ ಅಪಾರ್ಟ್‌ಮೆಂಟ್ ಲೀಸಿಗೆ ಸೈನ್ ಹಾಕಿದ್ರೆ ಎರಡೂ ಕಡೆ ಬಾಡಿಗೆ. ಹೇಜಿಂಗ್, ಅಂದ್ರೆ ಸೇರೋಕೆ ಬಂದೋರನ್ನ ಗೋಳುಹೊಯ್ಕೊಳ್ಳೋ ರ‍್ಯಾಗಿಂಗ್, ಅದರ ಭಯಾನೂ ಸುಳ್ಳಲ್ಲ, ಅದಕ್ಕೇ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿ, ಯಾವ ಸಂಘ ಸಿಕ್ಕಿಬಿತ್ತು ಅನ್ನೋದನ್ನ ಕಾಲೇಜುಗಳೇ ಪಬ್ಲಿಕ್ಕಾಗಿ ಹಾಕಬೇಕು ಅಂದಿದಾರೆ. ಅದನ್ನ ಹುಡುಕಿ ಓದಿ. ನಿಮ್ಮ ಪಕ್ಷದ ವಾದ ಇಲ್ಲಿಗೆ ಮುಗೀತು.

ಇನ್ನು 'ತಡವಾಯ್ತು' ಅನ್ನೋ ಮಾತು. ಯಾರ ಗಡಿಯಾರದಲ್ಲಿ? ನೀವಿರೋ ಕ್ಯಾಲಿಫೋರ್ನಿಯಾದಲ್ಲೇ 1960ರ ಮಾಸ್ಟರ್ ಪ್ಲಾನ್ ಅಂತ ಒಂದಿದೆ. ಕಮ್ಯುನಿಟಿ ಕಾಲೇಜಲ್ಲಿ (ಡಿ ಆಂಜಾ ಅಂಥದ್ದೇ) ಎರಡು ವರ್ಷ ಓದಿದವರು ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಬರಬೇಕು, ಅವರಿಗೆ ಜಾಗ ಇರಬೇಕು ಅಂತ ಆಗಲೇ ಲೆಕ್ಕ ಹಾಕಿ ಇಟ್ಟಿದಾರೆ. ಅಂದ್ರೆ ನಿಮ್ಮ ಮಗಳು ಹಿತ್ತಲ ಬಾಗಿಲಿಂದ ಬಂದಿಲ್ಲ, ಆ ಬಾಗಿಲು ಕಟ್ಟಿದ್ದೇ ಇಂಥೋರಿಗೆ. ಡಾರ್ಟ್‌ಮತ್ ಕಾಲೇಜಲ್ಲಂತೂ ಮೊದಲ ವರ್ಷದವರು ಸೊರಾರಿಟಿ ಸೇರೋ ಹಾಗೇ ಇಲ್ಲ, ಎರಡನೇ ವರ್ಷ ಆಗಲೇಬೇಕು.

ಕಮಲಾ ಹ್ಯಾರಿಸ್ ಉದಾಹರಣೆ ಕೊಟ್ರೆ ಕೆಲವರು ರಾಜಕೀಯ ಅಂತಾರೆ, ಅನ್ನಲಿ. ಆಕೆ ಮೊದಲು ಮಾಂಟ್ರಿಯಲ್‌ನ ವ್ಯಾನಿಯರ್ ಕಾಲೇಜಲ್ಲಿದ್ದು ಆಮೇಲೆ ಹೊವಾರ್ಡ್ ಯೂನಿವರ್ಸಿಟಿಗೆ ಬಂದೋರು. ಆಲ್ಫಾ ಕಪ್ಪಾ ಆಲ್ಫಾ ಸೇರಿದ್ದು 1986ರಲ್ಲಿ, ಡಿಗ್ರಿ ಮುಗಿದಿದ್ದೂ ಅದೇ ವರ್ಷ! ಕ್ಯಾಂಪಸ್ಸಲ್ಲಿ ಮೆಂಬರ್ ಆಗಿ ಕಳೆದಿದ್ದು ಕೆಲವೇ ತಿಂಗಳು, ಆದ್ರೆ 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಆ ಅಕ್ಕತಂಗೀರು ಹಸಿರು ಪಿಂಕು ಉಟ್ಕೊಂಡು ಬೆನ್ನಿಗೆ ನಿಂತಿದ್ದನ್ನ ಜಗತ್ತೇ ನೋಡ್ತು. 1908ರಲ್ಲಿ ಹೊವಾರ್ಡಲ್ಲೇ ಶುರುವಾದ ಸಂಘ ಅದು. ಕಪ್ಪು ಜನಾಂಗದ ಹೆಣ್ಮಕ್ಕಳು ಕಟ್ಟಿದ ಇಂಥ ಸೊರಾರಿಟಿಗಳಲ್ಲಿ ಡಿಗ್ರಿ ಆದ್ಮೇಲೆ ಸೇರೋರಿಗೇ ಬೇರೆ ಚಾಪ್ಟರ್‌ಗಳಿವೆ, ನಲವತ್ತರ ಟೀಚರು ಲಾಯರು ಎಲ್ಲ ಸೇರ್ತಾರೆ. ಅಲ್ಲಿ ಸೊರಾರಿಟಿ ಅಂದ್ರೆ ಕಾಲೇಜಿನ ನಾಲ್ಕು ವರ್ಷ ಅಲ್ಲ, ಪೂರ್ತಿ ಜೀವನ. ನೀವು ಎರಡು ವರ್ಷಕ್ಕೆ ಭಾಗಿಸಿ ಲೆಕ್ಕ ಹಾಕ್ತಿದೀರಲ್ಲ, ಆ ಲೆಕ್ಕವೇ ತಪ್ಪು.

ಟಿಕ್‌ಟಾಕಲ್ಲಿ ನೀವು ನೋಡಿರೋದು ಬೇರೆ. 2021ರಲ್ಲಿ ವೈರಲ್ ಆದ ಅಲಬಾಮಾ ಯೂನಿವರ್ಸಿಟಿಯ ರಷ್ (ಸೊರಾರಿಟಿಗಳು ಹೊಸಬರನ್ನ ಆರಿಸೋ ಸುಗ್ಗಿ), ಹುಡುಗೀರು ದಿನಾ ಹಾಕೋ ಡ್ರೆಸ್ಸು ಬಳೆ ಎಲ್ಲ ಎಲ್ಲಿಂದ ತಗೊಂಡ್ವಿ ಅಂತ ಹೇಳ್ತಿದ್ರಲ್ಲ. ಅಂಥ ದೊಡ್ಡ ಕ್ಯಾಂಪಸ್‌ಗಳಲ್ಲಿ ಮೂರನೇ ವರ್ಷದವರಿಗೆ ಕಷ್ಟ, ನಿಜ. ಪ್ರತಿ ಚಾಪ್ಟರ್‌ಗೂ ಇಷ್ಟೇ ಜನ ಅಂತ ಕೋಟಾ ಇರುತ್ತೆ, ಅದರಲ್ಲಿ ಹೊಸಬಳನ್ನ ತಗೊಂಡ್ರೆ ನಾಲ್ಕು ವರ್ಷ ಡ್ಯೂಸ್ ಬರುತ್ತೆ, ನಿಮ್ಮ ಮಗಳನ್ನ ತಗೊಂಡ್ರೆ ಎರಡೇ. ಪಕ್ಕಾ ವ್ಯವಹಾರ. ಆದ್ರೆ ಕೆಲವು ಕಡೆ ಮೇಲಿನ ವರ್ಷದವರಿಗೆ ಬೇರೆ ಕೋಟಾ ಇಟ್ಟಿದಾರೆ, ಅದನ್ನ ಮೊದಲೇ ಕೇಳಬೇಕು. ಮತ್ತೆ ದೊಡ್ಡ ರಷ್ ಮುಗಿದ ಮೇಲೂ ಭರ್ತಿಯಾಗದ ಚಾಪ್ಟರ್‌ಗಳು ಕಂಟಿನ್ಯುಯಸ್ ಓಪನ್ ಬಿಡ್ಡಿಂಗ್ ಅಂತ ಮಾಡ್ತವೆ, ಅಂದ್ರೆ ಉಳಿದ ಜಾಗಕ್ಕೆ ಆಮೇಲೂ ಬಿಡ್ (ಸೇರೋಕೆ ಕರೆ) ಕೊಡ್ತವೆ. ಮದುವೆ ಮನೇಲಿ ಎರಡನೇ ಪಂಕ್ತಿ ಇದ್ದ ಹಾಗೆ, ಗದ್ದಲ ಇಳಿದಿರುತ್ತೆ, ಬಡಿಸೋರಿಗೂ ಮುಖ ನೋಡಿ ಮಾತಾಡಿಸೋಕೆ ಪುರುಸೊತ್ತಿರುತ್ತೆ. ನನ್ನನ್ನ ಕೇಳಿದ್ರೆ ಅದೇ ವಾಸಿ.

ಒಂದು ಎಚ್ಚರಿಕೆ ಮಾತ್ರ ಮಗಳಿಗೆ ಹೇಳಿ. ದೊಡ್ಡ ರಷ್‌ನ ಕೊನೇಲಿ ಇಷ್ಟದ ಚಾಪ್ಟರ್‌ಗಳ ಹೆಸರು ಬರೆದು ಸೈನ್ ಮಾಡೋ ಒಂದು ಒಪ್ಪಂದ ಇರುತ್ತೆ, ಬರೆದ ಹೆಸರಿಂದ ಬಿಡ್ ಬಂದು ಬೇಡ ಅಂದ್ರೆ ಆ ಕ್ಯಾಂಪಸ್ಸಲ್ಲಿ ಆ ರಷ್ ನಡೆಸೋ ಬೇರೆ ಯಾವ ಸೊರಾರಿಟಿಗೂ ಮುಂದಿನ ವರ್ಷದ ರಷ್‌ವರೆಗೆ ಸೇರೋ ಹಾಗಿಲ್ಲ. ಹದಿನೆಂಟರವಳಿಗೆ ಒಂದು ವರ್ಷ ಏನೂ ಅಲ್ಲ, ಇವಳಿಗೆ ಅದೇ ಅರ್ಧ ಆಯಸ್ಸು. ಹಾಗಾಗಿ ಸುಮ್ನೆ ಮುಲಾಜಿಗೆ ಹೆಸರು ಬರೀಬಾರದು. ಹಾಗೇ 1998ರಲ್ಲಿ ನಮ್ಮ ಕಡೆ ಹುಡುಗೀರೇ ಕಟ್ಟಿದ ಸೌತ್ ಏಷ್ಯನ್ ಸೊರಾರಿಟಿಗಳೂ ಇವೆ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕಲ್ಲಿ ಸಿಗ್ಮಾ ಸಿಗ್ಮಾ ರೋ. ಮಗಳ ಕ್ಯಾಂಪಸ್ಸಲ್ಲಿ ಇವುಗಳ ಚಾಪ್ಟರ್ ಇದೆಯಾ ನೋಡಲಿ, ಇದ್ರೂ ಅಲ್ಲೇ ಸೇರು ಅಂತ ನೀವು ಒತ್ತಾಯ ಮಾಡಬೇಡಿ.

ನನಗೆ ಇಷ್ಟು ಸಿಟ್ಟು ಯಾಕೆ ಅಂದ್ರೆ ಈ 'ತಡವಾಗಿ ಬಂದೋರು' ಅನ್ನೋ ಕಾಯಿಲೆ ನಮ್ಮದೂ ಹೌದು. ನಾನು ಇಂಜಿನಿಯರಿಂಗ್ ಓದ್ತಿದ್ದಾಗ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದ ಹುಡುಗರನ್ನ ಕೊನೇ ದಿನದವರೆಗೂ 'ಲ್ಯಾಟರಲ್' ಅಂತಲೇ ಕರೀತಿದ್ವಿ, ಹೆಸರಿಡಿದು ಕರೆದೋರು ಕಮ್ಮಿ. ಲ್ಯಾಬಲ್ಲಿ ಮಷೀನು ಕೆಟ್ರೆ ಮಾತ್ರ ಅವರೇ ಬೇಕು. ಇವತ್ತು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಯಾರಿಗಾದ್ರೂ ಆಪರೇಶನ್ ಅಂದ್ರೆ ರಕ್ತ ದುಡ್ಡು ಅಂತ ಓಡಾಡೋನು ಅಂಥ ಒಬ್ಬ ಲ್ಯಾಟರಲ್ಲೇ, ಸಿಇಟಿ ರ‍್ಯಾಂಕಿನವರು ಕೈಮುಗಿಯೋ ಇಮೋಜಿ ಹಾಕಿ ಸುಮ್ಮನಾಗ್ತಾರೆ. ಹೊರದೇಶದ ಕನ್ನಡ ಸಂಘಗಳೇನು ಕಮ್ಮಿಯಾ, ಹೊಸದಾಗಿ ಬಂದ ಹುಡುಗ ರಾಜ್ಯೋತ್ಸವಕ್ಕೆ ನಾಟಕ ಮಾಡಿಸ್ತೀನಿ ಅಂದ್ರೆ 'ನೀವು ಬಂದು ಎಷ್ಟು ವರ್ಷ ಆಯ್ತು' ಅನ್ನೋದೇ ಮೊದಲ ಪ್ರಶ್ನೆ, ಆಮೇಲೆ ಅವನ ಕೈಗೆ ಕುರ್ಚಿ ಜೋಡಿಸೋ ಕೆಲಸ. ಹತ್ತು ವರ್ಷ ಅದೇ ಏಳು ಜನ ಕಮಿಟೀಲಿ ಕೂತು, ಯುವಕರು ಬರ್ತಿಲ್ಲ ಅಂತ ನಮ್ಮ ಪತ್ರಿಕೆಗೇ ಲೇಖನ ಕಳಿಸ್ತಾರೆ!

ನಿಮ್ಮನ್ನ ಬೈದೆ ಅಂತ ಬೇಜಾರಾಗಬೇಡಿ. ಮಗಳು ಮನೇಲೇ ಇದ್ದು, ಬಸ್ಸಲ್ಲಿ ಓಡಾಡಿ, ಎರಡು ವರ್ಷದ ಯೂನಿವರ್ಸಿಟಿ ಫೀಸ್ ಉಳಿಸಿಕೊಟ್ಟಿದಾಳೆ ಅಂತ ನಿಮ್ಮ ಪತ್ರದ ಮೊದಲ ಸಾಲಲ್ಲೇ ಹೆಮ್ಮೆಯಿಂದ ಬರೆದಿದೀರಿ. ಡ್ಯೂಸ್ ಅದರಲ್ಲೇ ಕಟ್ಟಿ. ಮುಂದಿನ ಪತ್ರ ಅವಳ ಕೈಲೇ ಬರೆಸಿ, ಕಾಗುಣಿತ ತಪ್ಪಿದ್ರೆ ನಾವು ತಿದ್ದಿಕೊಳ್ತೀವಿ.

— ಸಂ.