ಎರಡನೇ ವರ್ಷ, ಮೊದಲನೇ ದಿನ

ಪ್ರಶ್ನೆ: ಮೇಡಂ, ಅಪ್ಪನಿಗೆ ವರ್ಗವಾಯಿತು ಎಂದು ನಾನು ಡಿಗ್ರಿ ಎರಡನೇ ವರ್ಷಕ್ಕೆ ಬೇರೆ ಕಾಲೇಜು ಸೇರಿದೆ. ಹಳೇ ಕಾಲೇಜಿನಲ್ಲಿ ಒಳ್ಳೆ ಮಾರ್ಕ್ಸ್ ಬರುತ್ತಿತ್ತು, ಗೆಳತಿಯರೂ ಬೇಕಾದಷ್ಟಿದ್ದರು. ಇಲ್ಲಿ ಎಲ್ಲರೂ ಆಗಲೇ ಗುಂಪು ಗುಂಪಾಗಿದ್ದಾರೆ. ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ, ಹಾಗಂತ ಯಾರೂ ಕರೆಯುವುದೂ ಇಲ್ಲ. ಮೊದಲ ಟೆಸ್ಟಿನಲ್ಲಿ ಮಾರ್ಕ್ಸ್ ಕೂಡ ಇಳಿದಿದೆ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?

ಉತ್ತರ: ಕೊರತೆ ನಿಮ್ಮಲ್ಲಿಲ್ಲ, ಹಾಜರಿ ಪುಸ್ತಕದಲ್ಲಿದೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಇದನ್ನು ಚೆನ್ನಾಗಿ ನೋಡಿದ್ದೇನೆ. ತರಗತಿಯ ಹೆಸರುಗಳೆಲ್ಲ ಅಚ್ಚಾಗಿ ಬರುತ್ತವೆ. ನಡುವೆ ಬಂದು ಸೇರಿದವರ ಹೆಸರನ್ನು ಕೆಳಗೆ ಪೆನ್ನಿನಲ್ಲಿ ಬರೆದಿರುತ್ತಾರೆ. ಹಾಜರಿ ಕೂಗುವವರು ಅಚ್ಚಿನ ಹೆಸರು ಮುಗಿದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತಾರೆ. ಆಗ ಆ ಹುಡುಗಿ ಎದ್ದು ನಿಂತು ‘ಸರ್, ನನ್ನ ಹೆಸರು...’ ಅನ್ನಬೇಕು. ದಿನಾ ಅನ್ನಬೇಕು! ಲ್ಯಾಬಿನಲ್ಲಿ ಇಬ್ಬಿಬ್ಬರ ಜೋಡಿ ಹೋದ ವರ್ಷವೇ ಆಗಿರುತ್ತದೆ. ನೀವು ಮೂರನೆಯವರು, ಅಂದರೆ ಸುಮ್ನೆ ನಿಂತು ನೋಡುವವರು. ಕ್ಲಾಸಿನ ವಾಟ್ಸಾಪ್ ಗುಂಪಿಗೆ ನಿಮ್ಮನ್ನು ಸೇರಿಸಬೇಕು ಎಂದು ಯಾರಿಗೂ ಹೊಳೆದಿರುವುದಿಲ್ಲ. ಮೊದಲ ವರ್ಷದವರಿಗೆ ಕಾಲೇಜು ತೋರಿಸುತ್ತಾರೆ, ಲೈಬ್ರರಿ ಕಾರ್ಡ್ ಹೇಗೆ ಮಾಡಿಸುವುದು ಎಂದು ಹೇಳಿಕೊಡುತ್ತಾರೆ. ನೀವು ಎರಡನೇ ವರ್ಷ, ಅಲ್ವಾ? ಎಲ್ಲ ಗೊತ್ತಿರುತ್ತದೆ ಅಂದುಕೊಳ್ಳುತ್ತಾರೆ. ಇದರಲ್ಲಿ ಯಾರೂ ಬೇಕಂತ ಮಾಡಿದ್ದು ಏನೂ ಇಲ್ಲ.

ಮಾರ್ಕ್ಸಿನ ವಿಷಯ ಬೇಗ ಮುಗಿಸುತ್ತೇನೆ. ಕಾಲೇಜು ಬದಲಿಸಿದವರ ಮಾರ್ಕ್ಸ್ ಮೊದಲ ಅವಧಿಯಲ್ಲಿ ಇಳಿಯುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೊಂದು ಹೆಸರೇ ಇದೆ, ‘ಟ್ರಾನ್ಸ್‌ಫರ್ ಶಾಕ್’. ಅಮೆರಿಕದ ಸಂಶೋಧಕ ಜಾನ್ ಹಿಲ್ಸ್ 1965ರಲ್ಲಿ ಅಲ್ಲಿನ ಎರಡು ವರ್ಷದ ಕಾಲೇಜುಗಳಿಂದ ದೊಡ್ಡ ಕಾಲೇಜುಗಳಿಗೆ ಹೋದವರ ಫಲಿತಾಂಶ ನೋಡಿ ಬರೆದ ಮಾತು ಅದು. ಅವರಲ್ಲಿ ಹೆಚ್ಚಿನವರು ಮುಂದೆ ಚೇತರಿಸಿಕೊಂಡದ್ದೂ ಅದೇ ಲೆಕ್ಕದಲ್ಲಿ ಕಂಡಿತು. ನೀವು ಮಾತ್ರ ಒಂದು ಕೆಲಸ ಮಾಡಿ. ಆ ಟೆಸ್ಟಿನ ಉತ್ತರ ಪತ್ರಿಕೆ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಿ, ‘ಇಲ್ಲಿ ಉತ್ತರ ಹೇಗೆ ಬರೆಯಬೇಕು?’ ಎಂದು ಕೇಳಿ. ಓದಿದ್ದು ಕಡಿಮೆಯಾಗಿರುವುದಿಲ್ಲ. ಅವರು ಕೇಳುವ ರೀತಿ ನಿಮಗಿನ್ನೂ ಗೊತ್ತಿಲ್ಲ, ಅಷ್ಟೇ ಇದ್ದೀತು.

ಇನ್ನು ಗೆಳೆತನ. ಫ್ರೆಂಡ್ಸ್ ಹುಡುಕಿಕೊಂಡು ಹೋಗಬೇಡಿ. ಒಂದು ಜಾಗ ಹಿಡಿಯಿರಿ. ಅಂದರೆ, ದಿನಾ ಅದೇ ಬೆಂಚು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಇಬ್ಬರು, ಮೋರ್ಲ್ಯಾಂಡ್ ಮತ್ತು ಬೀಚ್, ನೋಡಲು ಹೆಚ್ಚುಕಮ್ಮಿ ಒಂದೇ ಥರ ಇದ್ದ ನಾಲ್ವರು ಹುಡುಗಿಯರನ್ನು ಆರಿಸಿದರು. ಒಬ್ಬಳು ಒಂದು ದೊಡ್ಡ ತರಗತಿಗೆ 15 ಸಲ ಬಂದು ಕೂತಳು, ಇನ್ನೊಬ್ಬಳು 10 ಸಲ, ಮತ್ತೊಬ್ಬಳು 5 ಸಲ. ನಾಲ್ಕನೆಯವಳು ಬರಲೇ ಇಲ್ಲ. ಯಾರೂ ಯಾರ ಜೊತೆಗೂ ಮಾತಾಡಬಾರದು ಎಂಬುದು ಷರತ್ತು. ಕೊನೆಗೆ ಕ್ಲಾಸಿನವರಿಗೆ ನಾಲ್ವರ ಫೋಟೊ ತೋರಿಸಿದರೆ, ಜಾಸ್ತಿ ಸಲ ಬಂದವಳೇ ಜಾಸ್ತಿ ಇಷ್ಟವಾದಳು. ಬಾಯಿ ಬಿಡದೆಯೇ! 1992ರಲ್ಲಿ ಪ್ರಕಟವಾದ ಅಧ್ಯಯನ ಇದು. ಮಾತಾಡಲು ಸಂಕೋಚಪಡುವ ಹುಡುಗಿಯರಿಗೆ ನಾನಿದನ್ನು ಖುಷಿಯಿಂದ ಹೇಳುತ್ತೇನೆ.

ಮುಂದಿನದು ಒಂದು ಕೆಲಸ. ಗೋಡೆ ಪತ್ರಿಕೆಯೋ, ನಾಟಕದ ತಂಡವೋ, ಯಾವುದಾದರೂ ಒಂದು. ಐದಕ್ಕೆ ಹೆಸರು ಕೊಟ್ಟರೆ ಐದರಲ್ಲೂ ಹೊಸಬರಾಗಿಯೇ ಉಳಿಯುತ್ತೀರಿ. ಪ್ರತಿ ವಾರ ಸೇರುವಂಥದ್ದಾಗಿರಲಿ. ಕೈ ಕಡಿಮೆ ಬೀಳುವ ಕೆಲಸ ಕೇಳಿ ತಗೊಳ್ಳಿ. ನಾಟಕದಲ್ಲಿ ಪಾತ್ರಕ್ಕೆ ಹತ್ತು ಜನ ಬರುತ್ತಾರೆ, ಪರದೆ ಎಳೆಯಲು ಒಬ್ಬರೂ ಸಿಗುವುದಿಲ್ಲ. ಪರದೆ ಎಳೆಯುವವರಿಲ್ಲದೆ ರಿಹರ್ಸಲ್ ನಡೆಯುವುದಿಲ್ಲ. ಹಾಗಾಗಿ ‘ಎಲ್ಲಿದ್ದೀಯಾ? ಬೇಗ ಬಾ’ ಎಂದು ಅವರೇ ಫೋನ್ ಮಾಡುತ್ತಾರೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಗೆಳೆತನಕ್ಕೆ ಗಂಟೆಗಳ ಲೆಕ್ಕ ಹಾಕಿದ್ದಾರೆ. ಸುಮಾರು 50 ಗಂಟೆ ಜೊತೆಗೆ ಕಳೆದ ಮೇಲೆ ಪರಿಚಯ ಗೆಳೆತನದ ಕಡೆ ಹೊರಳುತ್ತದಂತೆ. ಆಪ್ತರಾಗಲು 200 ಗಂಟೆಗೂ ಜಾಸ್ತಿ ಬೇಕು. ಕ್ಯಾಂಟೀನಿನಲ್ಲಿ ‘ಹಾಯ್’ ಅಂದರೆ ಇಷ್ಟು ಗಂಟೆ ಎಲ್ಲಿಂದ ಬರಬೇಕು? ರಿಹರ್ಸಲ್ಲಿನಲ್ಲಿ ಬರುತ್ತದೆ.

ಯಾರೂ ಕರೆಯುವುದಿಲ್ಲ ಅಂದಿರಿ. ನೀವು ಕರೆದಿದ್ದೀರಾ? ಮಾತಾಡಿ ಎದ್ದು ಹೋದ ಮೇಲೆ ‘ಅವರಿಗೆ ನಾನು ಹಿಡಿಸಲಿಲ್ಲವೇನೋ’ ಎಂದು ಇಬ್ಬರೂ ಅಂದುಕೊಳ್ಳುತ್ತಾರೆ, ನಿಜವಾಗಿ ಇಬ್ಬರಿಗೂ ಹಿಡಿಸಿರುತ್ತದೆ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು 2018ರಲ್ಲಿ ಇದನ್ನು ತೋರಿಸಿಕೊಟ್ಟರು. ಒಂದೇ ಹಾಸ್ಟೆಲಿನಲ್ಲಿ ಒಟ್ಟಿಗಿದ್ದ ಹುಡುಗರಲ್ಲೂ ಈ ತಪ್ಪು ಲೆಕ್ಕ ತಿಂಗಳುಗಟ್ಟಲೆ ಹಾಗೇ ಇತ್ತು. ಆದ್ದರಿಂದ ನಾಳೆ ಪಕ್ಕದವಳನ್ನು ‘ಕಳೆದ ವಾರದ ನೋಟ್ಸ್ ಕೊಡ್ತೀಯಾ?’ ಎಂದು ಕೇಳಿ. ಗುರುವಾರ ವಾಪಸ್ ಕೊಡಿ. ಕೊಡುವಾಗ ಮತ್ತೆ ಮಾತಾಡಲೇಬೇಕಾಗುತ್ತದೆ.

ಪ್ರಶ್ನೆ: ನಾನು ಹಳೇ ಕಾಲೇಜಿನಲ್ಲಿ ಪಾಸಾದ ಎರಡು ವಿಷಯಗಳನ್ನು ಇಲ್ಲಿ ಒಪ್ಪುತ್ತಿಲ್ಲ. ಆಫೀಸಿನಲ್ಲಿ ‘ನೋಡೋಣ’ ಅನ್ನುತ್ತಾರೆ.

ಉತ್ತರ: ‘ನೋಡೋಣ’ ಎಂಬುದು ಉತ್ತರವಲ್ಲ. ಅದನ್ನು ಕಾಗದದ ಮೇಲೆ ತರಿಸಿ. ವಿಷಯದ ಹೆಸರು ಒಂದೇ ಇದ್ದರೆ ಸಾಲುವುದಿಲ್ಲ. ಒಳಗೆ ಏನು ಕಲಿಸಿದ್ದಾರೆ, ಎಷ್ಟು ಕ್ರೆಡಿಟ್ ಎಂದು ನೋಡುತ್ತಾರೆ. ಆದ್ದರಿಂದ ಬರೀ ಮಾರ್ಕ್ಸ್ ಕಾರ್ಡ್ ಒಯ್ಯಬೇಡಿ. ನೀವು ಓದಿದ ವರ್ಷದ್ದೇ ಸಿಲಬಸ್ ಒಯ್ಯಿರಿ, ಈ ವರ್ಷದ್ದಲ್ಲ. ಹಳೇ ಕಾಲೇಜಿನ ಸಹಿ, ಸೀಲು ಇದ್ದರೆ ಒಳ್ಳೆಯದು. ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು, ಹೊಂದುವ ಪಾಠಗಳಿಗೆ ಗುರುತು ಹಾಕಿ, ಮೊದಲು ವಿಭಾಗದ ಮುಖ್ಯಸ್ಥರಿಗೆ ತೋರಿಸಿ. ಒಪ್ಪದಿದ್ದರೆ ಕಾರಣ ಬರೆದುಕೊಡಲು ಕೇಳಿ. ಇನ್ನೊಂದು ಮಾತು. ಇಲ್ಲಿನವರು ಹೋದ ವರ್ಷ ಓದಿ, ನೀವು ಓದದೇ ಉಳಿದ ಪಾಠಗಳೂ ಇರುತ್ತವೆ. ಕ್ರೆಡಿಟ್ ಸಿಕ್ಕಿದರೂ ಆ ತೂತು ಹಾಗೇ ಇರುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಕಾಣುತ್ತದೆ. ಈಗಲೇ ಪಟ್ಟಿ ಮಾಡಿ ಓದಿಕೊಳ್ಳಿ.

ಪ್ರಶ್ನೆ: ನಾನು ಉಪನ್ಯಾಸಕಿ. ಈ ವರ್ಷ ನನ್ನ ತರಗತಿಗೆ ಬೇರೆ ಕಾಲೇಜುಗಳಿಂದ ಕೆಲವರು ಬಂದಿದ್ದಾರೆ. ಅವರಿಗಾಗಿ ಸ್ವಾಗತ ಕಾರ್ಯಕ್ರಮ ಮಾಡೋಣ ಅಂತಿದ್ದೇನೆ. ಹೇಗೆ ಮಾಡಿದರೆ ಚೆನ್ನ?

ಉತ್ತರ: ಮಾಡದಿದ್ದರೆ ಚೆನ್ನ. ಹೂವು ಕೊಟ್ಟು, ‘ಎದ್ದು ನಿಂತು ಪರಿಚಯ ಮಾಡಿಕೊಳ್ಳಿ’ ಅಂದರೆ, ಮೊದಲೇ ಬೇರೆ ಎನಿಸಿಕೊಂಡವರನ್ನು ಇನ್ನಷ್ಟು ಬೇರೆ ಮಾಡಿದಂತಾಗುತ್ತದೆ. ಮೊದಲು ಆ ಪೆನ್ನಿನ ಹೆಸರುಗಳನ್ನು ಅಚ್ಚಿನ ಪಟ್ಟಿಗೆ ಸೇರಿಸಿ. ಆಮೇಲೆ ಲ್ಯಾಬಿನ ಜೋಡಿಗಳನ್ನು ಬದಲಿಸಿ, ಆದರೆ ಇಡೀ ತರಗತಿಗೇ ಬದಲಿಸಿ. ಹಳಬರು ಗೊಣಗುತ್ತಾರೆ. ಗೊಣಗಲಿ ಬಿಡಿ.

ಹೋದ ವರ್ಷ ಹೀಗೇ ಬಂದು ಈಗ ನೆಲೆಯಾದವರು ನಿಮ್ಮಲ್ಲೇ ಇರುತ್ತಾರೆ. ಅವರನ್ನು ಹೊಸಬರ ಜೊತೆ ಒಂದು ಗಂಟೆ ಕೂರಿಸಿ, ನೀವು ಹೊರಗೆ ಹೋಗಿ. ‘ನನಗೂ ಮೊದಲು ಹೀಗೇ ಅನ್ನಿಸಿತ್ತು’ ಎಂದು ಒಬ್ಬ ಸೀನಿಯರ್ ಹೇಳುವುದು ಸಣ್ಣ ಮಾತಲ್ಲ. ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅಮೆರಿಕದ ಒಂದು ಕಾಲೇಜಿನ ಮೊದಲ ವರ್ಷದವರಿಗೆ ಸೀನಿಯರ್‌ಗಳ ಇಂಥ ಅನುಭವಗಳನ್ನು ಓದಿಸಿ, ಅವರ ಅನುಭವವನ್ನೂ ಅವರಿಂದ ಬರೆಸಿದರು. ಒಂದು ಗಂಟೆಯ ಕೆಲಸ. ಅಲ್ಲಿ ಸಂಖ್ಯೆಯಲ್ಲಿ ಕಡಿಮೆಯಿದ್ದ ಕಪ್ಪು ವಿದ್ಯಾರ್ಥಿಗಳ ಮಾರ್ಕ್ಸ್ ಮುಂದಿನ ಮೂರು ವರ್ಷಗಳಲ್ಲಿ ಏರಿತು ಎಂದು 2011ರಲ್ಲಿ ಪ್ರಕಟಿಸಿದರು.

ಒಂದು ತಿಂಗಳಾದ ಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ. ‘ಎಲ್ಲ ಸರಿಯಿದೆಯಾ?’ ಎಂದು ಮಾತ್ರ ಕೇಳಬೇಡಿ, ‘ಹೂಂ ಮೇಡಂ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ‘ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡ್ತೀಯಾ? ರಜೆ ಹಾಕಿದರೆ ಯಾರ ಹತ್ತಿರ ನೋಟ್ಸ್ ತಗೋತೀಯಾ?’ ಎಂದು ಕೇಳಿ. ಒಂದು ಹೆಸರು ಬಂದರೆ ಸಾಕು, ಕಳಿಸಿಬಿಡಿ. ಬರದಿದ್ದರೆ ಅವತ್ತೇ ಆ ಹುಡುಗನಿಗೆ ಇನ್ನೊಬ್ಬರ ಜೊತೆ ಸೇರಿ ಮಾಡುವಂಥ ಒಂದು ಕೆಲಸ ಒಪ್ಪಿಸಿ.