ಅಪ್ಪ ಅಮ್ಮ ಇಬ್ಬರದೂ ಬಿ ಗ್ರೂಪ್, ಮಗುವಿಗೆ ಓ ಬರುತ್ತದಾ?

ಬರುತ್ತದೆ, ಗಾಬರಿ ಬೇಡ. ಜಯನಗರದ ನಮ್ಮ ಮನೆಯಲ್ಲೇ ಅಪ್ಪ ಅಮ್ಮ ಇಬ್ಬರೂ ಬಿ, ನಾನು ಓ. ರಿಪೋರ್ಟ್ ಬಂದಾಗ ಅಜ್ಜಿ, "ಲ್ಯಾಬಿನವರು ಯಾರದ್ದೋ ರಕ್ತ ನೋಡಿದ್ದಾರೆ" ಅಂತ ಪಟ್ಟು ಹಿಡಿದಿದ್ದರು.

ರಕ್ತದ ಗುಂಪಿನ ಜೀನ್ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಬಿ ಜೊತೆ ಓ ಇದ್ದರೆ ರಿಪೋರ್ಟಿನಲ್ಲಿ ಕಾಣುವುದು ಬಿ ಮಾತ್ರ. ಓ ಸುಮ್ನೆ ಅಡಗಿ ಕೂತಿರುತ್ತದೆ. ಇಬ್ಬರಿಂದಲೂ ಆ ಓ ಬಂದರೆ ಮಗು ಓ. ಗುಣಗಳು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಬರುತ್ತವೆ ಅಂತ ತೋರಿಸಿದ ವಿಜ್ಞಾನಿ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಗಿಡದ ಲೆಕ್ಕವೂ ಇದೇ, ಅಲ್ವಾ?

ಇಬ್ಬರಲ್ಲೂ ಓ ಅಡಗಿದ್ದರೆ ಮಗು ಓ ಆಗುವ ಸಾಧ್ಯತೆ 25%. ಮೊದಲನೆಯದು ಓ ಆಯ್ತು, ಇನ್ನು ಮೂರು ಬಿ ಗ್ಯಾರಂಟಿ ಅಂತಲ್ಲ. ಪ್ರತಿ ಸಲವೂ ಹೊಸದಾಗಿ ಕವಡೆ ಹಾಕಿದ ಹಾಗೆ.